ಭಾವನ ಜೇಬಿನಲ್ಲಿದ್ದ ನೆನಪು

ನನ್ನ ಭಾವನಿಗೆ ಹೆಂಡತಿಯ ಹುಟ್ಟಿದ ದಿನ ನೆನಪಿರುತ್ತಿರಲಿಲ್ಲ ಎಂದರೆ ನೀವು ನಕ್ಕು ಸುಮ್ಮನಾಗುತ್ತೀರಿ. ಯಾವ ಗಂಡನಿಗೆ ನೆನಪಿರುತ್ತದೆ? ಆದರೆ ಅವರಿಗೆ ತಮ್ಮ ಹುಟ್ಟಿದ ದಿನವೇ ನೆನಪಿರುತ್ತಿರಲಿಲ್ಲ! ಯಾರಾದರೂ ಕೇಳಿದರೆ ಬಲಗೈ ತಾನಾಗಿ ಅಂಗಿಯ ಜೇಬಿಗೆ ಹೋಗುತ್ತಿತ್ತು. ಅಂಗೈಯಗಲದ ಒಂದು ಯಂತ್ರ ಹೊರಬರುತ್ತಿತ್ತು. ಅದರ ಬೆನ್ನಿನಿಂದ ಒಂದು ಪ್ಲಾಸ್ಟಿಕ್ ಕಡ್ಡಿ. ಗಾಜಿನ ಮೇಲೆ ಟಕ್, ಟಕ್, ಟಕ್. ಆಮೇಲೆ ಉತ್ತರ.

ಇದು ಸ್ಮಾರ್ಟ್‌ಫೋನ್ ಇನ್ನೂ ಬಾರದ ಡಾಟ್‌ಕಾಮ್ ಕಾಲದ ಮಾತು. ಅಮೆರಿಕದ ಸನ್ನಿವೇಲಿನಲ್ಲಿದ್ದ ಅಕ್ಕನ ಅಪಾರ್ಟ್‌ಮೆಂಟಿನಲ್ಲಿ ನಾನು ಮೂರು ವರ್ಷ ಇದ್ದೆ. ಸುತ್ತಲಿದ್ದವರೆಲ್ಲ ಎಂಜಿನಿಯರುಗಳು, ನಾನೊಬ್ಬ ಶಿಕ್ಷಣಶಾಸ್ತ್ರದ ವಿದ್ಯಾರ್ಥಿ, ಕಾಲೇಜಿನಲ್ಲಿ ಚರ್ಚಾಸ್ಪರ್ಧೆಯ ಕಪ್ಪುಗಳನ್ನು ಗೆದ್ದವನು, ಆದ್ದರಿಂದ ಲೋಕವನ್ನು ತಿದ್ದುವ ಹೊಣೆ ಹೊತ್ತವನು. ಕಂಠಪಾಠವನ್ನು ಕಳೆದುಕೊಂಡ ಜನಾಂಗಕ್ಕೆ ಕಲಿಕೆಯೂ ಉಳಿಯದು ಎಂಬುದು ನನ್ನ ಸಿದ್ಧಾಂತ. ಶನಿವಾರಗಳಂದು ಕನ್ನಡದ ಮಕ್ಕಳನ್ನು ಸೇರಿಸಿ ಮಗ್ಗಿ ಹೇಳಿಕೊಡುತ್ತಿದ್ದೆ. ಮೂರನೆಯ ವಾರ ಅವರು ಕ್ಯಾಲ್ಕ್ಯುಲೇಟರ್ ತಂದರು. ನಾಲ್ಕನೆಯ ವಾರ ಕ್ಯಾಲ್ಕ್ಯುಲೇಟರ್ ಮಾತ್ರ ಇತ್ತು, ಹಿಂದಿನ ವಾರ ಮರೆತು ಬಿಟ್ಟುಹೋಗಿದ್ದರು. ಸುಧಾರಕನಿಗೆ ಮೊದಲು ಸಿಗುವುದು ಕೀರ್ತಿಯಲ್ಲ ಸ್ವಾಮಿ, ಆಯಾಸ!

ಮನೆಯಲ್ಲೇ ಭಾವ ಇರುವಾಗ ಊರ ಮಕ್ಕಳನ್ನು ದೂರಿ ಏನು ಫಲ? ಒಮ್ಮೆ ದೇವಸ್ಥಾನದಲ್ಲಿ ಅರ್ಚಕರು ಅರ್ಚನೆಗೆ ಗೋತ್ರ ಕೇಳಿದರು.

“ಒಂದ್ನಿಮಿಷ,” ಎಂದು ಭಾವ ಕಡ್ಡಿ ತೆಗೆದರು.

ಹೂವು ಹಿಡಿದ ಕೈಯನ್ನು ಅರ್ಚಕರು ಗಾಳಿಯಲ್ಲೇ ನಿಲ್ಲಿಸಿಕೊಂಡರು. ನಮ್ಮ ಹಿಂದೆ ಸಾಲು ಬೆಳೆಯಿತು. ಕೊನೆಗೆ ಅವರು ಕೇಳಿಯೇಬಿಟ್ಟರು, “ಅಲ್ಲ ಸ್ವಾಮಿ, ಮನೆಯವರ ಹೆಸರೂ ಅದ್ರಲ್ಲೇ ಇದ್ಯಾ?”

“ಇದೆ, ಇದೆ,” ಎಂದರು ಭಾವ ಸಂತೋಷದಿಂದ. “ವೈಫ್ ಅಂತ ಹುಡುಕಿದ್ರೆ ತಕ್ಷಣ ಸಿಗುತ್ತೆ!”

ಅಕ್ಕ ಆ ದಿನ ಪ್ರಸಾದ ತೆಗೆದುಕೊಳ್ಳದೆ ಕಾರಿಗೆ ಹೋದಳು.

ಮಾರ್ಗನ್ ಹಿಲ್‌ನ ಸ್ನೇಹಿತರ ಮನೆಗಂತೂ ನಾವು ಎಂಟು ಸಲ ಹೋಗಿದ್ದೆವು. ಎಂಟು ಸಲವೂ ಭಾವ ಇಂಟರ್ನೆಟ್ಟಿನಿಂದ ದಾರಿಯನ್ನು ಮುದ್ರಿಸಿಕೊಂಡೇ ಹೊರಟದ್ದು. ಒಮ್ಮೆ ಊಟವಾಗಿ ಎಲೆಯಡಿಕೆಯೂ ಮುಗಿದ ಮೇಲೆ ಅವರು ಏಳಲೊಲ್ಲರು. ಹೋಗುವ ದಾರಿಯನ್ನು ಮಾತ್ರ ಮುದ್ರಿಸಿ, ಬರುವ ದಾರಿಯನ್ನು ಮರೆತಿದ್ದರು!

“ಅದೇ ಹಾಳೆಯನ್ನ ಕೆಳಗಿಂದ ಮೇಲಕ್ಕೆ ಓದಿದ್ರಾಯ್ತಲ್ವ ಭಾವ? ಎಡ ಇದ್ದದ್ದು ಬಲ, ಬಲ ಇದ್ದದ್ದು ಎಡ,” ಎಂದೆ.

ಭಾವ ಹಾಳೆಯನ್ನು ದೀರ್ಘವಾಗಿ ನೋಡಿ ಹೇಳಿದರು: “ಆಗಬಹುದು. ಆದ್ರೆ ಅದು ಟೆಸ್ಟ್ ಆಗಿಲ್ಲ.”

ನನ್ನ ಉಪದೇಶ ಪ್ರತಿ ಭಾನುವಾರ ನಾಲ್ಕು ಗಂಟೆಯ ಕಾಫಿಯೊಂದಿಗೆ ನಡೆಯುತ್ತಿತ್ತು. ನೆನಪೆಂಬುದು ಸ್ನಾಯುವಿನಂತೆ, ದುಡಿಸದಿದ್ದರೆ ಕೃಶವಾಗುತ್ತದೆ ಎಂದು ಆರಂಭಿಸಿ, ಪೂರ್ವಪಕ್ಷವನ್ನು ಮಂಡಿಸಿ, ಖಂಡಿಸಿ, ಉಪಸಂಹಾರಕ್ಕೆ ಬರುವಷ್ಟರಲ್ಲಿ ಕಾಫಿ ಆರಿರುತ್ತಿತ್ತು. ಭಾವ ಎಷ್ಟು ಶ್ರದ್ಧೆಯಿಂದ ಕಡ್ಡಿಯಾಡಿಸುತ್ತ ಕೇಳುತ್ತಿದ್ದರೆಂದರೆ, ಟಿಪ್ಪಣಿ ಮಾಡಿಕೊಳ್ಳುತ್ತಿದ್ದಾರೆಂದೇ ನಂಬಿದ್ದೆ. ಒಂದು ದಿನ ಇಣುಕಿ ನೋಡಿದೆ. ‘ಭಾನುವಾರ, ನಾಲ್ಕು ಗಂಟೆ: ಭಾವಮೈದುನನ ಭಾಷಣ. ಪ್ರತಿ ವಾರ. ಮುಕ್ತಾಯದ ದಿನಾಂಕ: ಇಲ್ಲ.’

ಆದರೆ ಆ ಯಂತ್ರದಲ್ಲಿ ಇನ್ನೊಂದು ಪಟ್ಟಿಯಿತ್ತು, ಅದನ್ನು ನೋಡಿ ನಾನೂ ನಗುತ್ತಿರಲಿಲ್ಲ. ಅವರ ಮಗಳು ಪುಟ್ಟಿಗೆ ಐದು ವರ್ಷ. ಅವಳು ಮಾತು ಕಲಿತಂದಿನಿಂದ ಅವಳ ಬಾಯಿಂದ ಬಂದ ಒಂದೊಂದು ಕನ್ನಡ ಪದವನ್ನೂ ಭಾವ ದಿನಾಂಕ ಸಹಿತ ಬರೆದಿಟ್ಟಿದ್ದರು. ಯಂತ್ರಕ್ಕೆ ಕನ್ನಡ ಲಿಪಿ ಬಾರದು. ಇಂಗ್ಲಿಷ್ ಅಕ್ಷರಗಳಲ್ಲೇ ಅಂಬೆ, ಚಂದಮಾಮ, ಚಕ್ಕುಲಿ. ಮೊದಲ ವರ್ಷ ಪಟ್ಟಿ ಸರಸರನೆ ಬೆಳೆಯಿತು. ಡೇಕೇರಿಗೆ ಸೇರಿದ ಮೇಲೆ ತಿಂಗಳಿಗೊಂದು ಪದ. ಆಮೇಲೆ ಅದೂ ಇಲ್ಲ. ನಾವು ಕನ್ನಡದಲ್ಲಿ ಕೇಳಿದ್ದೆಲ್ಲ ಅವಳಿಗೆ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಭಾವ ಸುಮ್ಮನೆ ಪಟ್ಟಿಯನ್ನು ಮೇಲೆ ಕೆಳಗೆ ಉರುಳಿಸುತ್ತ ಕೂರುತ್ತಿದ್ದರು.

“ಅದನ್ನ ತಲೇಲಿ ಇಟ್ಕೊಳ್ಳಿ ಭಾವ, ಜೇಬಲ್ಲಲ್ಲ,” ಎನ್ನುತ್ತಿದ್ದೆ.

“ತಲೇಲಿ ಇಟ್ಟದ್ದು ಹೋಗ್ಬಿಡುತ್ತೆ ಮಾರಾಯ. ಇವಳು ದೊಡ್ಡೋಳಾಗಿ, ನಾನ್ಯಾವತ್ತೂ ಕನ್ನಡ ಆಡೇ ಇಲ್ಲ ಅಂದ್ರೆ ತೋರಿಸ್ಬೇಡ್ವ?”

ಆ ವರ್ಷ ಸ್ಯಾನ್ ಮಟಿಯೋದಲ್ಲಿದ್ದ ಅವರ ಕಂಪನಿ ಮುಚ್ಚಿತು. ಬುಧವಾರ ಮೀಟಿಂಗಿಗೆಂದು ಹೋದವರು ಒಂದು ರಟ್ಟಿನ ಪೆಟ್ಟಿಗೆ ಹಿಡಿದುಕೊಂಡು ಮನೆಗೆ ಬಂದರು. ಮೇಜಿನ ಕಂಪ್ಯೂಟರುಗಳೆಲ್ಲ ಯಾರ ಪಾಲಾದವೋ! ಎರಡು ತಿಂಗಳು ಭಾವ ಸೋಫಾದ ಮೂಲೆಯಲ್ಲಿ ಆ ಯಂತ್ರವನ್ನು ಹಿಡಿದೇ ಕುಳಿತರು. ಅವರನ್ನು ಎಬ್ಬಿಸಬೇಕೆಂಬುದು ನನ್ನ ಶುದ್ಧ ಉದ್ದೇಶ. ಲೋಕದ ಅನಾಹುತಗಳಲ್ಲಿ ಹೆಚ್ಚಿನವು ಇಂಥ ಶುದ್ಧ ಉದ್ದೇಶದವರವೇ ಅಲ್ಲವೇ?

ಒಂದು ಭಾನುವಾರ ಮಧ್ಯಾಹ್ನ ಅವರು ಮಲಗಿದ್ದಾಗ ಯಂತ್ರದ ಎರಡು ಸಣ್ಣ ಸೆಲ್ಲುಗಳನ್ನು ತೆಗೆದು ಟೀವಿ ರಿಮೋಟಿನ ಸವೆದ ಸೆಲ್ಲುಗಳ ಜಾಗದಲ್ಲಿ ಬಚ್ಚಿಟ್ಟೆ. ಗಡಿಯಾರದ ಸೆಲ್ಲು ತೆಗೆದರೆ ಗಡಿಯಾರ ನಿಲ್ಲುತ್ತದೆ, ಹಾಕಿದರೆ ನಡೆಯುತ್ತದೆ. ಇದೂ ಹಾಗೆಯೇ ಎಂಬುದು ನನ್ನ ತರ್ಕ. ಭಾವ ಎದ್ದು, ಜೇಬು ಮುಟ್ಟಿ, ಗುಂಡಿ ಒತ್ತಿ, ಮತ್ತೆ ಒತ್ತಿದಾಗ ನಾನು ವೇದಿಕೆಯ ಮೇಲಿದ್ದವನಂತೆ ಘೋಷಿಸಿದೆ:

“ಇವತ್ತೊಂದು ದಿನ ನೀವು ಸ್ವಂತ ತಲೆಯಿಂದ ಬದುಕ್ಬೇಕು ಭಾವ! ಸೆಲ್ ನಾನೇ ತೆಗೆದಿದ್ದೀನಿ.”

“ಎಷ್ಟೊತ್ತಾಯ್ತು ತೆಗ್ದು?”

“ಎರಡು ಗಂಟೆ.”

ಅವರು ಕೈ ಚಾಚಿದರು, ನಾನು ರಿಮೋಟ್ ಕೊಟ್ಟೆ. ರಿಮೋಟಿನಿಂದ ಸೆಲ್ಲುಗಳನ್ನು ಬಿಡಿಸಿ ಯಂತ್ರಕ್ಕೆ ಹಾಕಿದರು. ಅದು ಬೆಳಗಿತು, ಅಂಗಡಿಯಿಂದ ಆಗತಾನೇ ಬಂದದ್ದರಂತೆ ಅವರನ್ನು ಸ್ವಾಗತಿಸಿ, ಹೆಸರು ಕೇಳಿತು. ಸೆಲ್ಲಿಲ್ಲದೆ ಕೆಲವೇ ನಿಮಿಷ ಕಳೆದರೂ ಅದು ಎಲ್ಲವನ್ನೂ ಮರೆತುಬಿಡುತ್ತದೆ ಎಂದು ನನಗೆ ಆಗ ತಿಳಿಯಿತು. ಅದರ ಪ್ರತಿ ಇದ್ದದ್ದು ಮುಚ್ಚಿಹೋದ ಆಫೀಸಿನ ಕಂಪ್ಯೂಟರಿನಲ್ಲಿ ಮಾತ್ರ.

“ಲೋ, ಏನ್ ಮಾಡ್ಬಿಟ್ಯೋ!” ಎಂದು ಅಕ್ಕ ಅಡುಗೆಮನೆಯಿಂದ ಓಡಿಬಂದಳು.

“ಹೋಗ್ಲಿ ಬಿಡೆ. ನೆನೆಸ್ಕೊಂಡು ಬರೆಯೋಣ,” ಎಂದರು ಭಾವ. ನಾನು ಕಾಗದ ಪೆನ್ನು ತಂದೆ. “ಚಂದಮಾಮ... ಚಕ್ಕುಲಿ...” ಮುಂದಿನದು ಭಾವನಿಗೆ ಹೊಳೆಯಲಿಲ್ಲ. “ಗುಬ್ಬಿ,” ಎಂದಳು ಅಕ್ಕ. ಇಬ್ಬರೂ ನನ್ನತ್ತ ನೋಡಿದರು. ಅದೇ ಮನೆಯಲ್ಲಿ ಮೂರು ವರ್ಷ ಇದ್ದು ಆ ಮಾತುಗಳನ್ನೆಲ್ಲ ಕಿವಿಯಾರೆ ಕೇಳಿದವನು, ಕಂಠಪಾಠದ ಪ್ರಚಾರಕ ನಾನು! ನನಗೆ ಒಂದೇ ಒಂದು ನೆನಪಾಯಿತು: ಅಂಬೆ. ಕಾಗದದಲ್ಲಿ ನಾಲ್ಕು ಪದಗಳಾದವು. ಭಾವ ಅವನ್ನೇ ನೋಡುತ್ತ ಕುಳಿತರು, ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಳ್ಳಲಿಲ್ಲ.

ಅಷ್ಟರಲ್ಲಿ ಪುಟ್ಟಿ ಬಂದಳು. “ಮಾಮ, ದ ರಿಮೋಟ್ ಈಸ್ ನಾಟ್ ವರ್ಕಿಂಗ್.” ಅವಳು ಅಪ್ಪನ ಮುಖ ನೋಡಿದಳು, ಅಮ್ಮನ ಮುಖ ನೋಡಿದಳು. ಸೋಫಾ ಹತ್ತಿ ಅಪ್ಪನ ಪಕ್ಕ ಕೂತು, ಅವರ ಬೆನ್ನಿನ ಮೇಲೆ ಕೈಯಿಟ್ಟಳು.

“ರೀ, ಬೇಜಾರ್ ಮಾಡ್ಕೋಬೇಡಿ,” ಎಂದಳು.

ಆ ‘ರೀ’ ಅಕ್ಕನದೇ, ರಾಗವೂ ಅಕ್ಕನದೇ. ಎರಡು ತಿಂಗಳಿಂದ ಅಕ್ಕ ದಿನವೂ ಆ ಸೋಫಾದ ಬಳಿ ನಿಂತು ಹೇಳುತ್ತಿದ್ದ ಮಾತನ್ನು ಯಾರೂ ಪುಟ್ಟಿಗೆ ಕಲಿಸಿರಲಿಲ್ಲ, ಯಾರೂ ಬಾಯಿಪಾಠ ಮಾಡಿಸಿರಲಿಲ್ಲ. ಬಿಡಿ ಪದವಲ್ಲ, ಇಡೀ ವಾಕ್ಯ! ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಕ್ಕಳೋ ಅತ್ತಳೋ ತಿಳಿಯಲಿಲ್ಲ. ನಾನು ಅವಸರದಿಂದ ಪೆನ್ನೆತ್ತಿದೆ. ಭಾವ ನನ್ನ ಕೈಹಿಡಿದು ತಡೆದರು.

“ಏನಂದೆ ಪುಟ್ಟೀ? ಮರ್ತೇ ಹೋಯ್ತು ನಂಗೆ. ಇನ್ನೊಂದ್ಸಲ ಹೇಳು.”

ಅವಳು ಹೇಳಿದಳು. ಅವರು ಮತ್ತೆ ಮರೆತರು.