ಗುಳಿಗಿ ಆತೇನ್ರಿ?

ಮೊಬೈಲ್ ಆ್ಯಪ್ ಡಿಸೈನ್ ಮಾಡಲು ಏನೇನು ಬೇಕು ಎಂದು ಯಾರಾದರೂ ಕೇಳಿದ್ದರೆ ಆಗ ನಾನು ಥಟ್ಟನೆ ಹೇಳುತ್ತಿದ್ದೆ: ಒಳ್ಳೆಯ ಟೇಸ್ಟ್, ಒಳ್ಳೆಯ ಮ್ಯಾನರ್ಸ್, ಮತ್ತು ಸ್ಪಷ್ಟ ಉಚ್ಚಾರ. ಮೂರೂ ನನ್ನಲ್ಲಿ ಧಾರಾಳವಾಗಿದ್ದವು. ಕಂಪ್ಯೂಟರ್ ಜ್ಞಾನವೊಂದು ಇರಲಿಲ್ಲ. ಅದೇನು ಮಹಾ, ಅದಕ್ಕೆ ಸಹನಾ ಇದ್ದಳು.

ಸಹನಾ ನನ್ನ ಮೈದುನನ ಮಗಳು. ಹುಕ್ಕೇರಿಯಲ್ಲಿ ಗೊಬ್ಬರದಂಗಡಿಯ ಮೇಲೆ ಒಂದು ಕೋಣೆ ಹಿಡಿದು ಆ್ಯಪ್ ಮಾಡಿಕೊಡುತ್ತಾಳೆ. ಘಟಪ್ರಭಾದ ಡಾಕ್ಟರೊಬ್ಬರು, ಶುಗರ್ ಮತ್ತು ಬಿಪಿ ಇರುವ ತಮ್ಮ ಪೇಶಂಟುಗಳಿಗೆ ಗುಳಿಗೆ ನೆನಪಿಸುವ ಆ್ಯಪ್ ಬೇಕೆಂದು ಅವಳಿಗೆ ಹೇಳಿದರು. ಅದೇ ಡಾಕ್ಟರ ಪೇಶಂಟು ನಮ್ಮವರೂ. ಗೋಕಾಕದ ನಮ್ಮ ಮನೆಯಲ್ಲಿ ಡಬ್ಬಿಯಲ್ಲಿದ್ದ ಸಕ್ಕರೆಗಿಂತ ಅವರ ರಕ್ತದಲ್ಲಿದ್ದದ್ದೇ ಹೆಚ್ಚು. ಕಲ್ಲು ಎಡವಿ ಕಾಲಿನ ಹೆಬ್ಬೆರಳಿಗೆ ಆದ ಗಾಯ ಮಾಯುತ್ತಲೇ ಇರಲಿಲ್ಲ. ಗುಳಿಗೆ ತಪ್ಪಿಸಿದರೆ ಬೆರಳಿಗೆ ಅಪಾಯ ಎಂದು ಡಾಕ್ಟರು ಎಚ್ಚರಿಸಿದ್ದರು. ಅಂದಿನಿಂದ ನನ್ನ ಜೀವ ಆ ಹೆಬ್ಬೆರಳಿನಲ್ಲೇ ಸಿಕ್ಕಿಕೊಂಡಿತ್ತು. ಅವರು ಮಾತ್ರ ಗುಳಿಗೆಯನ್ನು ಮರೆತು, ಬೆಲ್ಲದ ಕರದಂಟನ್ನು ನೆನಪಿಟ್ಟುಕೊಂಡು ಆರಾಮಾಗಿದ್ದರು.

ಹೀಗಾಗಿ ಸದರಿ ಆ್ಯಪಿಗೆ ನಾನು, ಯಾರೂ ನೇಮಿಸದ ಡಿಸೈನ್ ಕನ್ಸಲ್ಟಂಟ್ ಆಗಿ ಅಧಿಕಾರ ವಹಿಸಿಕೊಂಡೆ.

ಮೊದಲ ಸೇವೆ ಬಣ್ಣದ್ದು. ಲೌಡ್ ಕಲರ್ಸ್ ಎಂದರೆ ವಲ್ಗರ್ ಎಂದು ಕಾನ್ವೆಂಟಿನಲ್ಲಿ ಕಲಿತವಳು ನಾನು. ಬಿಳಿಯ ಮೇಲೆ ತಿಳಿ ಲ್ಯಾವೆಂಡರ್ ಅಕ್ಷರ ಹಾಕಿಸಿದೆ. ಎಷ್ಟು ಎಲಿಗಂಟ್ ಆಗಿತ್ತೆಂದರೆ ಯಾರಿಗೂ ಕಾಣಲೇ ಇಲ್ಲ! ನಮ್ಮವರು ಫೋನನ್ನು ಬಿಸಿಲಿಗೆ ಹಿಡಿದರು, ದೀಪಕ್ಕೆ ಹಿಡಿದರು, ಕೊನೆಗೆ ಅಂಗಿಯ ತುದಿಯಿಂದ ತಿಕ್ಕಿದರು. ಸಹನಾ ನನಗೆ ಹೇಳದೆಯೇ ಅಕ್ಷರಗಳನ್ನು ಕಪ್ಪು ಮಾಡಿದಳು. ನನಗೆ ಗೊತ್ತಾಯಿತು. ಕ್ಷಮಿಸಿದೆ.

ಎರಡನೆಯದು ದನಿಯ ವಿಷಯ. ಆ್ಯಪು ಮೊದಲು ಯಂತ್ರದ ದನಿಯಲ್ಲಿ, "ಔಷಧಿ ಸೇವನೆಯ ಸಮಯ. ಸೇವಿಸಿದ್ದೀರಾ?" ಎನ್ನುತ್ತಿತ್ತು. ರೈಲ್ವೆ ಸ್ಟೇಶನ್ನಿನ ಮೈಕಿನಲ್ಲಿ ಗಾಡಿ ತಡವಾಗಿದೆ ಎನ್ನುವ ಹೆಂಗಸು ಕೂಡ ಇದಕ್ಕಿಂತ ಹೆಚ್ಚು ಮರುಗುತ್ತಾಳೆ. ಕಾಯಿಲೆಯವರನ್ನು ಹೀಗೆ ಕೇಳುವುದೇ? ಒಂದಿಷ್ಟು ಪ್ರೀತಿ, ಒಂದಿಷ್ಟು ಮರ್ಯಾದೆ ಬೇಡವೇ? ನಾನೇ ಮಾತಾಡುತ್ತೇನೆ ಎಂದೆ.

ಹಾಗೆನ್ನಲು ಕಾರಣವಿತ್ತು. ಬೆಳಗಾವಿಯ ಕಾನ್ವೆಂಟಿನಲ್ಲಿ ಎಲೊಕ್ಯೂಶನ್ನಿಗೆ, ಅಂದರೆ ಸೊಗಸಾಗಿ ಮಾತಾಡುವುದಕ್ಕೆ, ನನಗೆ ಮೆಡಲ್ ಬಂದಿತ್ತು. ಆ ಉದ್ದನೆಯ ಕಾರಿಡಾರು, ಮೇಣದ ವಾಸನೆಯ ನೆಲ, ಸಂಜೆ ಎಲ್ಲಿಂದಲೋ ಕೇಳುವ ಪಿಯಾನೊ, "ಸಾಫ್ಟ್ಲಿ, ಗರ್ಲ್ಸ್, ಸಾಫ್ಟ್ಲಿ" ಎನ್ನುತ್ತ ಸುಳಿಯುವ ಸಿಸ್ಟರ್. ಮದುವೆಯಾಗಿ ಗೋಕಾಕಕ್ಕೆ ಬಂದ ಮೇಲೆ ಆ ಮೆತ್ತನೆಯ ದನಿಗೆ ಕೆಲಸವೇ ಇಲ್ಲವಾಯಿತು. ಕಾಯಿಪಲ್ಲೆಯವನಿಗೆ ಅದು ಕೇಳಿಸುತ್ತಲೂ ಇರಲಿಲ್ಲ. ಈಗ ಈ ವಯಸ್ಸಿನಲ್ಲಿ ಯಾರೋ ಬಾಯಿಯ ಮುಂದೆ ಮೈಕು ಹಿಡಿದರೆ ಬಿಡುತ್ತೇನೆಯೇ?

ಜೇನಿನಲ್ಲಿ ಅದ್ದಿ ತೆಗೆದಂತೆ ಹೇಳಿದೆ: "ಆರಾಮದೀರೇನ್ರಿ? ಗುಳಿಗಿ ಆತೇನ್ರಿ?"

ಉತ್ತರಕ್ಕೆ ಎರಡು ಬಟನ್. ಒಂದು "ಆತ್ರಿ", ಇನ್ನೊಂದು "ಇನ್ನೂ ಇಲ್ರಿ".

ಡಾಕ್ಟರು ಘೋಡಗೇರಿ ಎಂಬ ಹಳ್ಳಿಯ ಕೆಲವು ಪೇಶಂಟುಗಳ ಫೋನಿಗೆ ಟ್ರಯಲ್ ಎಂದು ಹಾಕಿಸಿದರು. ನಮ್ಮವರ ಫೋನಿಗೆ ನಾನೇ ನಿಂತು ಹಾಕಿಸಿದೆ. ಗುಳಿಗೆ ತಗೊಂಡವರ ಹೆಸರಿನ ಮುಂದೆ ಸಹನಾಳ ಕಂಪ್ಯೂಟರಿನಲ್ಲಿ ಹಸಿರು ಬೊಟ್ಟು, ಬಿಟ್ಟವರಿಗೆ ಕೆಂಪು. ಮೊದಲ ದಿನ ಎಲ್ಲ ಹಸಿರು. ಮರುದಿನವೂ ಹಸಿರು. ವಾರ ಕಳೆದರೂ ಘೋಡಗೇರಿ ಮಳೆಗಾಲದ ಗದ್ದೆಯ ಹಾಗೆ ಹಸಿರೋ ಹಸಿರು! "ಇನ್ನೂ ಇಲ್ರಿ" ಬಟನ್ನನ್ನು ಒಬ್ಬರೂ ಮುಟ್ಟಿರಲಿಲ್ಲ. ಅದು ಕೆಟ್ಟಿದೆಯೋ ಏನೋ ಎಂದು ಸಹನಾ ಇಡೀ ದಿನ ಪರೀಕ್ಷಿಸಿದಳು. ಬಟನ್ ಆರೋಗ್ಯವಾಗಿತ್ತು. ನಾನು ಮುಗುಳ್ನಕ್ಕೆ. ಎಲ್ಲ ದನಿಯ ಪ್ರಭಾವ, ಮೈ ಡಿಯರ್.

ಘೋಡಗೇರಿಯವರಿಂದ ಒಂದೇ ಒಂದು ದೂರು ಬಂತು. ಅದನ್ನು ಸಹನಾ ಫೋನಿನಲ್ಲಿ ಓದಿ ಹೇಳಿದಳು. "ದೊಡ್ಡವ್ವ, ಎಲ್ಲಾ ಚಲೋ ಐತಂತ. ಆದ್ರ ಅವರು ಅಷ್ಟು ವಿಚಾರಸ್ತಾರ, ನಾವು ತಿರುಗಿ 'ನಿಮ್ದರಿ?' ಅಂತ ಕೇಳಾಕ ಜಾಗಾನ ಇಲ್ಲ, ಚಲೋ ಕಾಣಂಗಿಲ್ಲ ಅಂತಾರ."

ನನ್ನ ಕಣ್ಣು ತುಂಬಿ ಬಂತು. ಎಂಥ ಕಲ್ಚರ್ಡ್ ಜನ! ಕೂಡಲೇ "ನಿಮ್ದರಿ?" ಎಂಬ ಮೂರನೆಯ ಬಟನ್ ಹಾಕಿಸಿದೆ. ಅದನ್ನು ಒತ್ತಿದರೆ ನಾನು, "ನಂದೂ ಆತ್ರಿ, ಥ್ಯಾಂಕ್ ಯೂ" ಎನ್ನುತ್ತಿದ್ದೆ. ಯಾವುದೇ ಬುದ್ಧಿವಂತನಿಗೆ ಇಷ್ಟರಲ್ಲಿ ಅನುಮಾನ ಬರಬೇಕಿತ್ತು. ನನಗೆ ಬರಲಿಲ್ಲ.

ನಮ್ಮವರ ತಪಾಸಣೆಯ ದಿನ ಘಟಪ್ರಭಾಕ್ಕೆ ಹೋದೆವು. ಸಹನಾ ಕೂಡ ಬಂದಿದ್ದಳು. ಡಾಕ್ಟರು ನನ್ನ ಬಗ್ಗೆ ಎರಡು ಒಳ್ಳೆಯ ಮಾತಾಡಬಹುದೆಂದು ನಾನು ಕ್ರೀಮ್ ಬಣ್ಣದ ಸೀರೆ ಉಟ್ಟಿದ್ದೆ. ಅವರು ರಿಪೋರ್ಟ್ ನೋಡಿದರು. ಫೋನಿನ ಹಸಿರು ಬೊಟ್ಟುಗಳನ್ನು ನೋಡಿದರು. ಮತ್ತೆ ರಿಪೋರ್ಟ್ ನೋಡಿದರು. ಶುಗರ್ ಇಳಿದಿರಲಿಲ್ಲ, ಏರಿತ್ತು. ಬ್ಯಾಂಡೇಜ್ ಬಿಚ್ಚಿಸಿ ಬೆರಳು ಒತ್ತಿದರು. ಕಪ್ಪಾಗುತ್ತಿದ್ದ ಬಣ್ಣ ನನಗೂ ಕಂಡಿತು.

"ಮುಂದಿನ ಸಲ ಬರೂದರಾಗ ಶುಗರ್ ಇಳೀಲಿಲ್ಲಂದ್ರ ಬೆರಳು ತಗೀಬೇಕಾಗ್ತೈತ್ರಿ" ಎಂದರು, ಮೆಲ್ಲಗೆ.

ಹೊರಗೆ ಬೆಂಚಿನ ಮೇಲೆ ಕೂತೆ. ನಮ್ಮವರ ಕಡೆ ತಿರುಗಿದೆ. ದಿನಾ "ಆತ್ರಿ" ಒತ್ತಿದ್ದೀರಲ್ಲ, ಗುಳಿಗೆ ಎಲ್ಲಿ ಹೋಯಿತು ಎಂದು ಕೇಳಿದೆ. ಆಗಲೂ ಸಾಫ್ಟ್ಲಿ.

ಅವರು ನೆಲ ನೋಡುತ್ತ ಹೇಳಿದರು. "ನೀ ಅಷ್ಟು ಛಂದಾಗಿ ಕೇಳಿದ್ರ ಇಲ್ಲಾ ಅಂತ ಹೆಂಗ ಅನ್ಲಿ? ದಾರ್ಯಾಗ ಯಾರರ ಊಟ ಆತೇನ್ರಿ ಅಂದ್ರ ನೀ ಏನಂತಿ?"

ಆತ್ರಿ ಎನ್ನುತ್ತೇನೆ. ಹೊಟ್ಟೆ ತಾಳ ಹಾಕುತ್ತಿದ್ದರೂ ಆತ್ರಿ ಎನ್ನುತ್ತೇನೆ, ನಿಮ್ಮದರಿ ಎಂದೂ ಕೇಳುತ್ತೇನೆ. ಇಲ್ಲ ಎಂದರೆ ಕೇಳಿದವರು ಪಾಪ ಮನೆಗೆ ಕರೆದು ಉಣ್ಣಿಸಬೇಕಾಗುತ್ತದಲ್ಲ! ನಮ್ಮ ಸೀಮೆಯಲ್ಲಿ ಅದು ಪ್ರಶ್ನೆಯೇ ಅಲ್ಲ, ನಮಸ್ಕಾರ. ಆ ನಮಸ್ಕಾರವನ್ನು ನಾನು ಆ್ಯಪಿನೊಳಗೆ ಕೂರಿಸಿ, ಊರಿಗೆ ಊರೇ ತಿರುಗಿ ನಮಸ್ಕಾರ ಮಾಡುವುದನ್ನು ವೈದ್ಯಕೀಯ ಮಾಹಿತಿ ಎಂದು ಡಾಕ್ಟರಿಗೆ ಕಳಿಸುತ್ತಿದ್ದೆ.

"ಒತ್ತಿ ಬಿಟ್ಟು ಆಮ್ಯಾಲ ತಗೊಂಡ್ರಾತು ಅಂತ ಸುಮ್ನಾಗ್ತಿದ್ದೆ. ಮರೀತಿದ್ದೆ" ಎಂದರು ನಮ್ಮವರು.

ಎದುರು ಬೆಂಚಿನಲ್ಲಿ ಘೋಡಗೇರಿಯ ಹೆಂಗಸೊಬ್ಬಳು ಕೂತಿದ್ದಳು. ಆಕೆಯೂ ಟ್ರಯಲ್‌ನವಳೇ. "ಖರೆ ಐತ್ರಿ ಅಕ್ಕಾರ. ನಾವೂ ಹಂಗ ಒತ್ತತೇವ್ರಿ. ಇಲ್ಲಂದ್ರ ಫೋನಿನಾಗಿನ ಆ ಬಾಯಾರು ಮನಸ್ಸಿಗೆ ಹಚ್ಕೋತಾರ, ಪಾಪ" ಎಂದಳು.

ಅಷ್ಟೇ. ನನ್ನೊಳಗೆ ಅಷ್ಟು ವರ್ಷ ಮೇಣ ಹಚ್ಚಿ ಒರೆಸಿಟ್ಟಿದ್ದ ಕಾರಿಡಾರಿನಲ್ಲಿ ಏನೋ ಧಡಾರನೆ ಬಿತ್ತು. ಗಂಡನನ್ನು ನಾನು ಒಂದು ದಿನವೂ ಏಕವಚನದಲ್ಲಿ ಕರೆದವಳಲ್ಲ. ಅಂದು ಬಹುವಚನ ಬಾಯಿಗೆ ಬರಲೇ ಇಲ್ಲ.

"ಏನ್ ಆತ್ರಿ? ಬೆರಳು ಕಡೀತಾರಂತ, ಕೇಳಿಸ್ತಿಲ್ಲೋ? ನಿನ್ನ ಮರ್ಯಾದಿ ಗಂಟು ಕಟ್ಟಿ ಹೊಳಿಗೆ ಒಗಿ. ತಗಿ ಗುಳಿಗಿ. ನನ್ನ ಮುಂದ ನುಂಗು. ಹೂಂ, ಈಗ ಬಾಯಿ ತಗದು ತೋರ್ಸು!"

ನಮ್ಮವರು ಗುಳಿಗೆ ನುಂಗಿ ಬಾಯಿ ತೆರೆದರು. ಆಮೇಲೆ ನಾನು ಸುತ್ತ ನೋಡಿದೆ. ಘೋಡಗೇರಿಯ ಹೆಂಗಸು ಚೀಲಕ್ಕೆ ಕೈ ಹಾಕಿ ಗುಳಿಗೆ ಹುಡುಕುತ್ತಿದ್ದಳು. ಆಕೆಯ ಪಕ್ಕದ ಮುದುಕ ಆಗಲೇ ನುಂಗಿ ನೀರು ಕೇಳುತ್ತಿದ್ದ. ಮೂಲೆಯಲ್ಲಿ ಒಬ್ಬ ನುಂಗಿದ ಮೇಲೆ, ಯಾರೂ ಕೇಳದಿದ್ದರೂ ನನ್ನ ಕಡೆ ತಿರುಗಿ ಬಾಯಿ ತೆರೆದು ತೋರಿಸಿದ.

ಸಹನಾ ನನ್ನನ್ನೇ ನೋಡುತ್ತಿದ್ದಳು. "ದೊಡ್ಡವ್ವ, ನಮ್ಮ ಆ್ಯಪಿಗೆ ಈ ದನಿ ಬೇಕು."

ಮರುದಿನ ರೆಕಾರ್ಡಿಂಗಿಗೆ ಕೂತರೆ ಬೈಗುಳ ಬರಲೊಲ್ಲದು! ಮೈಕು ಕಂಡೊಡನೆ ಗಂಟಲು ತಾನಾಗಿ ಕಾನ್ವೆಂಟಿಗೆ ಓಡುತ್ತಿತ್ತು. "ದಯಮಾಡಿ ಬಾಯಿ ತೋರಿಸ್ರಿ" ಎಂದರೆ ಯಾರು ಹೆದರುತ್ತಾರೆ? ಸಹನಾ ಸೋತು ಕೈಚೆಲ್ಲಿದಳು. ಆಗ ನಿರ್ದೇಶನದ ಹೊಣೆಯನ್ನು ನಮ್ಮವರು ಹೊತ್ತರು. ಒಳಗಿನಿಂದ ಕರದಂಟಿನ ಡಬ್ಬಿ ತಂದು, ನನ್ನೆದುರು ಕೂತು, ಒಂದು ದೊಡ್ಡ ತುಂಡು ತೆಗೆದು, ನನ್ನ ಮುಖ ನೋಡುತ್ತಲೇ ನಿಧಾನವಾಗಿ ಬಾಯಿಯ ಹತ್ತಿರ ಒಯ್ದರು. ರೆಕಾರ್ಡಿಂಗ್ ಒಂದೇ ಟೇಕಿಗೆ ಓಕೆ ಆಯಿತು. ತುಂಡು ಬಾಯಿಗೆ ಹೋಗಲಿಲ್ಲ.

ಹೊಸ ಆ್ಯಪಿನಲ್ಲಿ ಪ್ರಶ್ನೆಯೇ ಇಲ್ಲ. "ಆತ್ರಿ" ಇಲ್ಲ, "ನಿಮ್ದರಿ" ಇಲ್ಲ. ನಾನು ಬೈಯುತ್ತೇನೆ. ನುಂಗಿ, ಬಾಯಿ ತೆರೆದು ಫೋನಿಗೆ ತೋರಿಸುವವರೆಗೆ ಬೈಯುತ್ತಲೇ ಇರುತ್ತೇನೆ. ಡಾಕ್ಟರು ಅದನ್ನು ಸುತ್ತಲಿನ ಊರುಗಳ ಪೇಶಂಟುಗಳ ಫೋನಿಗೂ ಹಾಕಿಸಿದರು. ಸಹನಾಳ ಕಂಪ್ಯೂಟರಿನಲ್ಲಿ ಮೊದಲ ಬಾರಿಗೆ ಕೆಂಪು ಬೊಟ್ಟುಗಳು ಕಂಡವು. ಅವಳು ಅದಕ್ಕೇ ಪೇಡೆ ಹಂಚಬೇಕೆಂದಳು. ಯಾರಿಗೆ ಹಂಚುತ್ತಿದ್ದೇವೆ ಎಂದು ನೆನಪಾಗಿ ಬಿಟ್ಟೆವು.

ಮುಂದಿನ ತಪಾಸಣೆಗೆ ಹೋದಾಗ ನಾನು ಸೀರೆಯ ಬಣ್ಣ ನೋಡಿರಲಿಲ್ಲ. ಡಾಕ್ಟರು ಬೆರಳನ್ನು ಒತ್ತಿದರು, ತಿರುಗಿಸಿದರು, ಲೈಟಿನಡಿ ಹಿಡಿದರು. "ಉಳೀತ್ರಿ" ಎಂದರು. ಮನೆಗೆ ಬರುವ ಬಸ್ಸಿನಲ್ಲಿ ಆ ಕಾಲನ್ನು ಯಾರೂ ತುಳಿಯದಂತೆ ನನ್ನ ಸೀರೆಯ ನೆರಿಗೆಯೊಳಗೆ ಇಟ್ಟುಕೊಂಡು ಕೂತಿದ್ದೆ.

ಗಾಯ ಪೂರ್ತಿ ಮಾಯ್ದ ಮೇಲೆ ಮೆತ್ತನೆಯ ಚಪ್ಪಲಿ ಕೊಳ್ಳಲು ಮೂಡಲಗಿಗೆ ಹೋದೆವು. ಅಂಗಡಿಯವ ಒಳ್ಳೆಯ ಮನುಷ್ಯ, ಒಂದೊಂದೇ ಜೊತೆ ತೆಗೆದು ತೋರಿಸುತ್ತಿದ್ದ. ಅವನು ಬೇಡವೆಂದರೂ ಕೇಳದೆ ನಮ್ಮವರು ಚೂಪು ತುದಿಯ ಬೂಟಿಗೆ ಕಾಲು ತೂರಿಸತೊಡಗಿದರು. ಏಕವಚನ ಈಗ ನನಗೆ ಸಲೀಸಾಗಿದೆ.

"ತಗಿ ಕಾಲು. ಸುಮ್ನ ಕೂಡು" ಎಂದೆ.

ಅಂಗಡಿಯವನ ಕೈಯಲ್ಲಿದ್ದ ಚಪ್ಪಲಿ ಕೆಳಗೆ ಬಿತ್ತು. ಒಂದು ಕ್ಷಣ ನನ್ನನ್ನು ನೋಡಿ, ಸರಸರನೆ ಗಲ್ಲಾಪೆಟ್ಟಿಗೆಯ ಹಿಂದೆ ಹೋಗಿ, ಏನನ್ನೋ ಬಾಯಿಗೆ ಹಾಕಿಕೊಂಡು ನೀರು ಕುಡಿದ. ಆಮೇಲೆ ನಮ್ಮವರ ಪಕ್ಕಕ್ಕೆ ಬಂದು ಕುಕ್ಕರಗಾಲಿನಲ್ಲಿ ಕೂತು, ನನಗೆ ಕೇಳಿಸದಂತೆ ಪಿಸುಗುಟ್ಟಿದ. ನನಗೆ ಕೇಳಿಸಿತು.

"ಸಾಹೇಬ್ರ, ನಮಗರ ಫೋನ್ ಬಂದ್ ಮಾಡಾಕ ಬರ್ತೈತ್ರಿ. ನೀವು ಹೆಂಗ್ ಮಾಡ್ತೀರಿ?"

ನಮ್ಮವರು ಹೊಸ ಚಪ್ಪಲಿಯಲ್ಲಿ ಹೆಬ್ಬೆರಳನ್ನು ಮೇಲೆ ಕೆಳಗೆ ಆಡಿಸಿ ನೋಡಿದರು. "ಬಂದ್ ಆಗೂದು ಬ್ಯಾಡ ಬಿಡ್ರಿ" ಎಂದರು.

ಇಷ್ಟು ವರ್ಷದ ಸಂಸಾರದಲ್ಲಿ ಅವರು ನನ್ನ ದನಿಗೆ ಕೊಟ್ಟ ಒಂದೇ ಕಾಂಪ್ಲಿಮೆಂಟ್ ಅದು. ನನ್ನ ಮನಸ್ಸು ಕರಗಿತು. ಏನಾದರೂ ಸವಿಯಾಗಿ ಹೇಳೋಣವೆಂದು ಅವರ ಕಡೆ ಬಾಗಿ, ಗಂಟಲು ಸರಿಮಾಡಿಕೊಂಡೆ.

ಅಂಗಡಿಯವ ಎದ್ದು ನಿಂತು ಕೈಮುಗಿದ. "ನುಂಗೀನ್ರಿ ಅಕ್ಕಾರ. ಖರೆ ನುಂಗೀನ್ರಿ."