ನನ್ನ ದೂಳು ಹಿಡಿದ ದಾರಿ

ತಮಿಳರ ಊರಿನ ನಮ್ಮ ಗಣಪತಿ ಬಡಾವಣೆಯಲ್ಲಿ ದೂಳಿನ ಮೇಲೆ ಯುದ್ಧ ಸಾರಿದ ಮೊದಲ ನಿವೃತ್ತ ನೌಕರ ನಾನೇ ಎಂಬುದನ್ನು ಆರಂಭದಲ್ಲಿಯೇ ದಾಖಲಿಸುತ್ತೇನೆ! ಪಂಪು ಕಾರ್ಖಾನೆಯ ಗುಣಪರೀಕ್ಷಾ ವಿಭಾಗದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವನ್ನೂ ಕ್ಷಮಿಸದೆ ದುಡಿದವನಿಗೆ ಕೇವಲ ದೂಳು ಯಾವ ಲೆಕ್ಕ?

ಕಾರಿಲ್ಲದ ನಮ್ಮ ಕಾರ್ ಷೆಡ್ಡಿನಲ್ಲಿ ಮರದ ಅಂಚು ಕೆತ್ತುವ ನನ್ನ ರೌಟರ್ ಮೇಜು ವಿರಾಜಮಾನವಾಗಿದೆ. ಮೇಜಿನ ನಡುವಿನ ತೂತಿನಿಂದ ತಲೆಯೆತ್ತಿದ ಅಲಗು ಗಿರ್ರೆಂದು ತಿರುಗುತ್ತದೆ. ಮರದ ಪಟ್ಟಿಯನ್ನು ತಾಗಿಸಿ ಸರಿಸಿದರೆ ಅಂಚಿನಲ್ಲಿ ಅಂದವಾದ ಗೆರೆ ಮೂಡುತ್ತದೆ. ಮೂಡುವುದು ಒಂದು ಗೆರೆ, ಹಾರುವುದು ಒಂದು ಬೊಗಸೆ ಹಿಟ್ಟು!

ನನ್ನ ಅತ್ತೆ ರಾಮಾತಾಳ್ ತೀರಿಕೊಂಡು ವರ್ಷವಾಗುತ್ತ ಬಂದಿತ್ತು. ವರ್ಷದ ತಿಥಿಗೆ ಅವರ ಪಟಕ್ಕೆ ನಾನೇ ಚೌಕಟ್ಟು ಮಾಡುವುದಾಗಿ ಪತ್ನಿ ವಿಜಯಕುಮಾರಿಯ ಮುಂದೆ ಘೋಷಿಸಿದೆ. ಆಕೆ ಮಡತ್ತುಕುಳಂ ಕಡೆಯ ಬೇಸಾಯಗಾರರ ಮಗಳು. ಆಕೆಯ ಕನ್ನಡದಲ್ಲಿ ಅರ್ಧ ತಮಿಳು, ಉಳಿದರ್ಧ ಖಾರ.

"ಚೌಕಟ್ಟು ಆಗಲಿ. ಆದ್ರೆ ಏನುಂಗ, ಒಂದು ಚಿಟಿಕೆ ದೂಳು ಮನೆಯೊಳಗೆ ಬಂತೋ, ಆ ಮೆಷಿನ್ನು ಪಳೈಯ ಇರುಂಬು ಗಾಡಿಗೆ!"

ಹಳೆಯ ಕಬ್ಬಿಣದ ಗಾಡಿಗೆ! ನನ್ನ ವೃದ್ಧಾಪ್ಯದ ಏಕೈಕ ಸಂತೋಷ!

"ಒಂದು ಕಣವೂ ಬಾರದು, ವಿಜಯಾ. ಇದು ನನ್ನ ಶಪಥ."

"ಅವ್ವ ಇದ್ದಾಗಲೂ ನೀವು ಮಾಡಿದ್ದು ಶಪಥ ಅಲ್ಲ, ಬರೀ ಶಬ್ದ!"

ಈ ಮಾತಿಗೆ ಹಿನ್ನೆಲೆಯುಂಟು. ಅತ್ತೆಯವರ ವಾಸ ಮಹಡಿಯ ಕೋಣೆಯಲ್ಲಿತ್ತು. ನಾನು ಯಂತ್ರ ಹಾಕಿದೊಡನೆ ಅವರು ಊರುಗೋಲಿನಿಂದ ನೆಲವನ್ನು ಧಡ್, ಧಡ್ ಎಂದು ಕುಟ್ಟುತ್ತಿದ್ದರು. ನಿಲ್ಲಿಸು ಎಂದು ಅದರ ಅರ್ಥ. ಅವರು ಹೋದಂದಿನಿಂದ ಕೋಣೆಗೆ ಬೀಗ. ಬೀಗದ ಕೈ ವಿಜಯಳ ಸೊಂಟದಲ್ಲಿ.

ಶಪಥದಂತೆ ಒಂದು ಬ್ಲೋವರ್ ಕೊಂಡೆ. ಅದು ಮೇಜಿನ ದೂಳನ್ನೆಲ್ಲ ಹೀರಬೇಕು. ದಪ್ಪ ಹೊಟ್ಟು ಪಕ್ಕದ ಡ್ರಮ್ಮಿಗೆ ಬೀಳಬೇಕು. ನುಣ್ಣನೆಯ ದೂಳಿನ ಗಾಳಿ ಪೈಪಿನ ಮೂಲಕ ಹೊರಹೋಗಬೇಕು. ಜೋಡಿಸಲು ಪಕ್ಕದ ಬೀದಿಯ ವರ್ಕ್‌ಶಾಪಿನ ಶಣ್ಮುಗಂ ಬಂದ ದಿನ ನಾನು ಕಣ್ಣಾಸ್ಪತ್ರೆಯಲ್ಲಿ ಹನಿ ಹಾಕಿಸಿಕೊಂಡು ಕುಳಿತಿದ್ದೆ. ಆತ ಫೋನಿನಲ್ಲಿ ಕೇಳಿದ್ದಕ್ಕೆಲ್ಲ ಅಚ್ಚಗನ್ನಡದಲ್ಲಿ ಒಪ್ಪಿಗೆ ಕೊಟ್ಟೆ. ತಮಿಳು ಬೆರೆಸುವುದು ನನ್ನ ಜಾಯಮಾನವಲ್ಲ. ಮರಳಿ ಬಂದು ನೋಡಿದರೆ ಪೈಪು ಹಿಂಗೋಡೆಯನ್ನೇರಿ ಸಜ್ಜೆಯ ಆಚೆ ಕಣ್ಮರೆಯಾಗಿತ್ತು. ಕಾರ್ಖಾನೆಯ ಚಿಮಣಿಯೇ ಸರಿ! ಶಣ್ಮುಗಂನ ಬೆನ್ನು ತಟ್ಟಿದೆ.

ಭಾನುವಾರ ಸಂಜೆ, ದೀಪ ಹಚ್ಚುವ ಹೊತ್ತಿಗೆ, ಯಂತ್ರ ಹಾಕಿದೆ. ರಬ್ಬರ್ ಮರದ ಪಟ್ಟಿ ಬೆಣ್ಣೆಯಂತೆ ಸರಿಯಿತು. ಮೇಜಿನ ಮೇಲೆ ದೂಳಿಲ್ಲ! ಬೀಗಬೇಕೆನ್ನುವಷ್ಟರಲ್ಲಿ ಮೇಲಿನಿಂದ ಕೇಳಿಸಿತು.

ಧಡ್. ಧಡ್.

ಯಂತ್ರ ನಿಲ್ಲಿಸಿದೆ. ಸದ್ದು ನಿಂತಿತು. ಅದರ ಬೆನ್ನಿಗೇ ಯಾರೋ ದೀರ್ಘವಾಗಿ ನಿಟ್ಟುಸಿರು ಬಿಟ್ಟರು.

ವಿಜಯ ಷೆಡ್ಡಿನ ಬಾಗಿಲಲ್ಲಿ ನಿಂತಿದ್ದಳು. "ಕೇಳಿಸ್ತಾ?"

"ನೆರೆಯ ಲೇತ್ ಯಂತ್ರದ ಸದ್ದು."

"ಞಾಯಿತ್ತುಕ್ಕಿಳಮೆ ಯಾವ ಲೇತುಂಗ ಓಡ್ತದೆ?"

ಭಾನುವಾರ ಎಂಬುದು ಅಲ್ಲಗಳೆಯಲಾಗದ ಸಂಗತಿ. "ಹಾಗಾದರೆ ಹೆಗ್ಗಣ."

"ಹೆಗ್ಗಣ ಕೋಲು ಹಿಡ್ಕೊಳ್ತದಾ?"

ಮತ್ತೆ ಯಂತ್ರ ಹಾಕಿದೆ. ಧಡ್, ಧಡ್! ನಿಲ್ಲಿಸಿದೆ. ನಿಟ್ಟುಸಿರು! ಪ್ರಯೋಗವನ್ನು ಪುನರಾವರ್ತಿಸಿದಾಗ ಅದೇ ಫಲಿತಾಂಶ ಬಂದರೆ ವಿಜ್ಞಾನಿಗೆ ಸಂತೋಷವಾಗುತ್ತದಂತೆ. ನನಗೆ ಬೆವರು ಬಂತು.

ವಿಜಯ ಮೆಟ್ಟಿಲೇರಿದವಳು ಬೆರಳ ತುದಿಯಲ್ಲಿ ಬಿಳಿಯ ಪುಡಿ ಹಿಡಿದು ಇಳಿದಳು. "ಬಾಗಿಲ ಸಂದಿಯಿಂದ ಬರ್ತಿದೆ. ತಿರುನೀರು! ಅವ್ವ ಬಂದಿದ್ದಾಳೆ, ತನ್ನ ಪಟ ನೋಡೋಕೆ!" ನಾನು ತಡೆಯುವ ಮೊದಲೇ ಆ ವಿಭೂತಿ ನನ್ನ ಹಣೆಯನ್ನೇರಿತು. ಅದಕ್ಕೆ ಮರದ ವಾಸನೆಯಿತ್ತು. ಆ ಕ್ಷಣದಲ್ಲಿ ವಾಸನೆಯ ಕುರಿತು ತರ್ಕಿಸುವ ಧೈರ್ಯ ಯಾರಿಗಿತ್ತು?

"ಬೀಗ ತೆಗೆ. ಯಂತ್ರ ಮತ್ತೆ ಹಾಕಿದ್ದೇನೆ, ಓಡುತ್ತಿರಲಿ, ಪರೀಕ್ಷೆ ಸಮಗ್ರವಾಗಿರಬೇಕು," ಎಂದೆ. ಧ್ವನಿ ನನ್ನದೇ ಆಗಿತ್ತು. ನಡುಕ ಯಾರದೋ ಗೊತ್ತಿಲ್ಲ.

ಬಾಗಿಲು ತೆರೆಯಿತು. ಮಬ್ಬುಗತ್ತಲೆ. ಕೋಣೆಯ ತುಂಬ ಹಿಮದಂಥ ಬಿಳುಪು. ಕಿಟಕಿಯ ಪಕ್ಕ, ತಮ್ಮದೇ ಈಸಿ ಚೇರಿನಲ್ಲಿ, ತಮ್ಮದೇ ಬಿಳಿಯ ಸೀರೆಯಲ್ಲಿ, ಅತ್ತೆ ಕುಳಿತಿದ್ದರು!

ಮೈ ತುಂಬಿಕೊಂಡಿತ್ತು. ಎದೆ ಏರುತ್ತಿತ್ತು, ಇಳಿಯುತ್ತಿತ್ತು. ತಲೆ ನಿಧಾನವಾಗಿ ನನ್ನತ್ತ ವಾಲಿತು.

ಅದೇ ಗಳಿಗೆಯಲ್ಲಿ ವಿದ್ಯುತ್ತು ಹೋಯಿತು.

ಅತ್ತೆ ದೀರ್ಘವಾಗಿ ನಿಟ್ಟುಸಿರುಬಿಟ್ಟು, ಸೊಂಟದಿಂದ ಬಾಗಿ, ನನ್ನ ಕಾಲಿನತ್ತ ಕುಸಿದರು.

"ಅಯ್ಯಯ್ಯೋ! ಕಾಪ್ಪಾತ್ತುಂಗ! ಯಾರಾವದು ವಾಂಗಳೇನ್!" ಎಂದು ಯಾರೋ ಬೀದಿ ನಡುಗುವಂತೆ ತಮಿಳಿನಲ್ಲಿ ಸಹಾಯಕ್ಕೆ ಕೂಗಿದರು. ಆ ವ್ಯಕ್ತಿ ನಾನೇ ಎಂಬುದನ್ನು ಸತ್ಯನಿಷ್ಠೆಯ ದೃಷ್ಟಿಯಿಂದ ಒಪ್ಪಿಕೊಳ್ಳಬೇಕಾಗಿದೆ.

ಕೂಗಿಗೆ ಓಡಿಬಂದವನು ಶಣ್ಮುಗಂ. ಅವನ ಟಾರ್ಚಿನ ಬೆಳಕು ಕಿಟಕಿಯ ಮೇಲೆ ಬಿತ್ತು. ಒಡೆದ ಗಾಜಿನ ತೂತಿನಿಂದ ನನ್ನ ಪೈಪು ಒಳಗಿಳಿದು, ಕುರ್ಚಿಗೆ ಹೊದಿಸಿದ್ದ ಸೀರೆಯಡಿ ಬಾಯಿಟ್ಟಿತ್ತು. ಯಂತ್ರ ಓಡುವಾಗ ಸೀರೆ ಉಬ್ಬುತ್ತಿತ್ತು, ನಿಂತೊಡನೆ ಉಸ್ಸೆಂದು ಇಳಿಯುತ್ತಿತ್ತು. ಸಡಿಲವಾದ ಪೈಪು ನೆಲಕ್ಕೆ ಬಡಿಯುತ್ತಿತ್ತು.

"ಇಲ್ಲಿಗೆ ಪೈಪು ಬಿಡಲು ನಿನಗೆ ಹೇಳಿದವರು ಯಾರಯ್ಯಾ?" ಎಂದು ಗುಡುಗಿದೆ.

"ನೀಂಗ ತಾನ್ ಸಾರ್! 'ಪೈಪ್ ಎಂಗ ವಿಡಟ್ಟುಂ ಸಾರ್?'ನ್ನು ಫೋನ್‌ಲ ಕೇಟ್ಟೇನ್. ನೀಂಗ 'ಮಾಡಿ, ಮಾಡಿ'ನ್ನೀಂಗ!"

ನಾನು ಹೇಳಿದ್ದು ಕೆಲಸ ಮಾಡಿ ಎಂದು. ತಮಿಳಿನಲ್ಲಿ ಮಾಡಿ ಎಂದರೆ ಮಹಡಿ! ಎಲ್ಲಿ ಬಿಡಲಿ ಎಂದು ಕೇಳಿದವನಿಗೆ ಮಹಡಿ, ಮಹಡಿ ಎಂದು ಎರಡೆರಡು ಬಾರಿ ಅಪ್ಪಣೆ ಕೊಟ್ಟ ಮಹಾಶಯ ನಾನು.

ವಿಜಯ ಸೀರೆಯನ್ನು ಮೆಲ್ಲನೆ ಎತ್ತಿ, ಮಡಿಲಲ್ಲಿಟ್ಟುಕೊಂಡು, ಒಂದೊಂದೇ ಮಡಿಕೆಯನ್ನು ಕೊಡವತೊಡಗಿದಳು. ಭುಜ ಅಲುಗುತ್ತಿತ್ತು. ಅಳುತ್ತಿದ್ದಾಳೆಂದುಕೊಂಡೆ. ಹತ್ತಿರ ಹೋಗಿ ನೋಡಿದರೆ, ನಗು!

"ಏನುಂಗ, ಅವ್ವ ನಿಮ್ಮ ಮುಂದೆ ತಲೆ ಬಾಗಿಸಿದ್ದು ಇದೇ ಮೊದಲು!"

ಅವಕಾಶ ಬಿಡಬಾರದೆಂದು ಕೂಡಲೇ ಕೇಳಿದೆ: "ಹಾಗಾದರೆ ಯಂತ್ರ... ಗಾಡಿಗೆ ಹಾಕುವುದಿಲ್ಲ ತಾನೇ?"

"ಚೌಕಟ್ಟು ಮುಗೀಲಿ, ಆಮೇಲೆ ನೋಡುವ. ಮೊದಲು ಈ ದೂಳು." ಮೂಲೆಯ ಪೊರಕೆಯನ್ನು ನನ್ನ ಕೈಗಿತ್ತು, ಮೆಟ್ಟಿಲಿಳಿಯುತ್ತ ಒಂದೇ ಪದ ಎಸೆದಳು: "ಮಾಡಿ!"

ಒಮ್ಮೆ ಪೆಟ್ಟು ತಿಂದವನು. ಎರಡನೆಯ ಬಾರಿ ತಪ್ಪು ಮಾಡಲಾರೆ. ಕಟಾಂಜನದ ಮೇಲಿಂದ ಬಾಗಿ ವಿನಯದಿಂದ ವಿಚಾರಿಸಿದೆ: "ಇದು ಕನ್ನಡದ ಮಾಡಿಯೋ, ತಮಿಳಿನ ಮಾಡಿಯೋ?"

ಕೆಳಗಿನಿಂದ ಉತ್ತರ ಬಂತು.

"ಎರಡೂ!"