ನೆರಳಿನಲ್ಲಿ ಐದು ನಿಮಿಷ

ಮೂವತ್ತೆರಡು ಪುಟದ ಆ ಪುಸ್ತಕವನ್ನು ರೈಲು ನಿಲ್ದಾಣದಲ್ಲಿ ಪುಕ್ಕಟೆ ಹಂಚುತ್ತಿದ್ದರು. ಪುಕ್ಕಟೆ ಕೊಟ್ಟದ್ದನ್ನು ಯಾರೂ ಓದುವುದಿಲ್ಲ ಎಂಬ ಧೈರ್ಯದಲ್ಲೇ ಗುಮಾಸ್ತ ಅದನ್ನು ಬರೆದಿದ್ದ. ಆದರೆ ಬೇಸಿಗೆ ರಜೆಗೆಂದು ಬಂದಿಳಿದ ಅವನ ಹೆಂಡತಿಯ ಅಣ್ಣ, ಮನೆ ಮುಟ್ಟುವುದರೊಳಗೆ ಅದನ್ನು ಎರಡು ಸಲ ಓದಿ ಅಲ್ಲಲ್ಲಿ ಕೆಂಪು ಶಾಯಿಯಲ್ಲಿ ಗೆರೆ ಎಳೆದಿದ್ದ.

“‘ಕಾಲ್ನಡಿಗೆಯಲ್ಲಿ ನಮ್ಮ ನಗರ: ಹನ್ನೆರಡು ನಡಿಗೆಗಳು.’ ನಿಮ್ಮ ಕಚೇರಿಯದ್ದೇ ಅಲ್ವೇನ್ರೀ ಗುಮಾಸ್ತರೇ? ಬರೆದವರ ಹೆಸರೇ ಹಾಕಿಲ್ಲ. ಯಾರ್ರೀ ಈ ಪುಣ್ಯಾತ್ಮ?”

“ಬೇರೆ ವಿಭಾಗ, ಭಾವ. ನನಗಷ್ಟು ಪರಿಚಯ ಇಲ್ಲ.”

ಭಾವ ಡ್ರಿಲ್ ಮೇಷ್ಟ್ರು. ಕೊರಳಲ್ಲಿ ಸೀಟಿ, ಜೇಬಿನಲ್ಲಿ ಸ್ಟಾಪ್‌ವಾಚು. ಅಚ್ಚಾದ ಮಾತೆಂದರೆ ಅವನಿಗೆ ಆಜ್ಞೆ. ಔಷಧದ ಶೀಶೆಯ ಮೇಲೆ ‘ಚೆನ್ನಾಗಿ ಅಲುಗಾಡಿಸಿ’ ಎಂದಿದ್ದರೆ, ಮರೆತು ಕುಡಿದುಬಿಟ್ಟಾಗ ತಾನೇ ನಿಂತು ಅಲುಗಾಡುವಂಥವನು.

ಹಿಂದಿನ ಬೇಸಿಗೆಯಲ್ಲಿ ಕಚೇರಿಯವರು ಗುಮಾಸ್ತನನ್ನು, ಊರೆಲ್ಲ ನಡೆದು ನೋಡಿ ಬರೆಯಿರಿ ಎಂದು ಎರಡು ತಿಂಗಳು ಹೊರಗೆ ಕಳಿಸಿದ್ದರು. ಮೊದಲ ದಿನ ಅರ್ಧ ಗಂಟೆಯಲ್ಲಿ ಅವನ ತಲೆ ಸುತ್ತಿತು. ಎರಡನೆಯ ದಿನ ಸಾರ್ವಜನಿಕ ಗ್ರಂಥಾಲಯ ಕಣ್ಣಿಗೆ ಬಿತ್ತು. ಅಲ್ಲಿ ಮೂರನೆಯ ಫ್ಯಾನಿನ ಕೆಳಗೆ ಐವತ್ತು ವರ್ಷದ ಹಿಂದಿನ ನಕ್ಷೆಯೊಂದನ್ನು ಹರಡಿಕೊಂಡು, ದಾರಿಗಳನ್ನು ಬೆರಳಿನಿಂದ ಅಳೆದ. ಒಂದು ಬೆರಳಗಲಕ್ಕೆ ಐದು ನಿಮಿಷ. ಮಧ್ಯಾಹ್ನ ನಕ್ಷೆಯ ಮೇಲೇ ತಲೆಯಿಟ್ಟು ನಿದ್ದೆ.

ಸಂಜೆ ಮನೆಗೆ ಹೋದರೆ ಹೆಂಡತಿ ಬೋಗುಣಿಯಲ್ಲಿ ಬಿಸಿ ಉಪ್ಪುನೀರು ತಂದು ಅವನ ಕಾಲು ಅದ್ದಿಸುತ್ತಿದ್ದಳು. “ಪಾಪ, ಎಷ್ಟು ನಡೆಸ್ತಾರಪ್ಪಾ ನಿಮ್ಮನ್ನ!” ಆ ಎರಡು ತಿಂಗಳು ಸಿಕ್ಕ ಮರ್ಯಾದೆ ಅವನಿಗೆ ಮದುವೆಯ ದಿನವೂ ಸಿಕ್ಕಿರಲಿಲ್ಲ. ಏನು ಕೆಲಸ ಎಂದು ಅವಳು ಕೇಳಲಿಲ್ಲ; ಕಚೇರಿಯ ವಿಷಯ ಎತ್ತಿದರೆ ಅವನಿಗೆ ತಲೆನೋವು ಬರುತ್ತಿತ್ತು. ಪುಸ್ತಕ ಅಚ್ಚಾದಾಗ ಅವನೂ ತೋರಿಸಲಿಲ್ಲ. ತೋರಿಸಿದರೆ ‘ಒಂದು ಭಾನುವಾರ ನಾವೂ ಹೋಗಿ ನೋಡೋಣ’ ಎನ್ನುತ್ತಾಳೆ. ನೋಡಿದರೆ ಉಪ್ಪುನೀರಿನ ಲೆಕ್ಕ ಕೇಳುತ್ತಾಳೆ.

“ಮೊದಲನೆಯ ನಡಿಗೆ,” ಭಾವ ಓದಿದ. “‘ಬೆಳಿಗ್ಗೆ ಹತ್ತಕ್ಕೆ ಹೊರಡುವುದು ಸೂಕ್ತ.’ ಯಾಕೆ ಹತ್ತು?”

ಗ್ರಂಥಾಲಯದ ಬಾಗಿಲು ತೆರೆಯುತ್ತಿದ್ದದ್ದು ಹತ್ತಕ್ಕೆ. “ಏನೋ ಕಾರಣ ಇರುತ್ತೆ ಭಾವ,” ಎಂದ ಗುಮಾಸ್ತ. “ಆದ್ರೆ ಬಿಸಿಲು ನೋಡಿ, ಬೇಡ ಅನ್ಸುತ್ತೆ.”

“ರೀ, ಅಣ್ಣ ವರ್ಷಕ್ಕೊಂದು ಸಲ ಬರೋದು,” ಎಂದಳು ಹೆಂಡತಿ, ಆಗಲೇ ಕೊಡೆ ಹುಡುಕುತ್ತಾ.

ಹತ್ತಕ್ಕೆ ಸರಿಯಾಗಿ ಸೀಟಿ ಊದಿ ಭಾವ ಹೊರಟ. ಹಿಂದೆ ಹೆಂಡತಿ, ಅವಳ ಹಿಂದೆ ಗುಮಾಸ್ತ.

“‘ಸಾಲುಮರಗಳ ತಂಪು ನೆರಳಿನಲ್ಲಿ ಐದು ನಿಮಿಷ ನಡೆದರೆ ಪ್ರಶಾಂತವಾದ ಕೊಳ,’” ಎಂದು ಭಾವ ಓದಿ ಸ್ಟಾಪ್‌ವಾಚು ಒತ್ತಿದ.

ಎದುರಿಗೆ ನಾಲ್ಕು ಸಾಲು ವಾಹನ ಓಡುವ ರಸ್ತೆ, ನಡುವೆ ಕಬ್ಬಿಣದ ಬೇಲಿ. ನೆರಳು ಅಂತ ಇದ್ದದ್ದು ದೀಪದ ಕಂಬದ್ದು. ಅದರಲ್ಲಿ ಒಬ್ಬ ನಿಲ್ಲಬಹುದಿತ್ತು, ಅದೂ ಅಡ್ಡಡ್ಡ ತಿರುಗಿ. ಕರಗಿದ ಡಾಂಬರು, ಹೊರಟ ನೆಂಟರ ಕೈ ಬಿಡದವರ ಹಾಗೆ, ಹೆಜ್ಜೆ ಹೆಜ್ಜೆಗೂ ಚಪ್ಪಲಿ ಹಿಡಿದು ಎಳೆಯುತ್ತಿತ್ತು.

“ಇಲ್ಲಿ ಮರಗಳು ಎಲ್ರೀ?” ಭಾವ, ಅಂಗಡಿಯ ಬಾಗಿಲಲ್ಲಿ ನಿಂತಿದ್ದ ಕ್ಷೌರಿಕನನ್ನು ಕೇಳಿದ.

“ಮರಾನಾ? ನಮ್ಮಪ್ಪನ ಕಾಲದಲ್ಲಿ ಇದ್ವಂತೆ ಸ್ವಾಮಿ. ಯಾರೋ ಪುಸ್ತಕ ಬರೆದಿದಾನೆ ಅಲ್ವಾ? ಅವನನ್ನ ಇಲ್ಲಿ ಕರ್ಕೊಂಬನ್ನಿ. ತಲೆ ಪುಕ್ಕಟೆ ಬೋಳಿಸಿ ಕೊಡ್ತೀನಿ.”

ಐದು ನಿಮಿಷದ ದಾರಿ ನಲವತ್ತಮೂರು ನಿಮಿಷ ಹಿಡಿಯಿತು. ಕೊಳದ ಜಾಗದಲ್ಲಿ ಸಿಮೆಂಟಿನ ಗೋದಾಮು. ಕಾವಲುಗಾರ ಅವರ ಕೈಯಲ್ಲಿ ಪುಸ್ತಕ ಕಂಡದ್ದೇ ಎದ್ದು ನಿಂತ.

“ಬಂದ್ರಾ? ಈ ವಾರ ನೀವು ಏಳನೆಯವರು. ನಿನ್ನೆ ಅಜ್ಜ ಅಜ್ಜಿ ಇಬ್ಬರು, ದೋಣಿ ಎಲ್ಲಿ ಸಿಗುತ್ತೆ ಅಂತ ಕೇಳಿದ್ರು. ನಾನೇನು ಸಿಮೆಂಟಲ್ಲಿ ದೋಣಿ ಬಿಡ್ಲಾ?”

ಭಾವನ ಮುಖ ಕೆಂಪಾಯಿತು. “ಯಾವ ಮುಠ್ಠಾಳ ಬರೆದದ್ದು ಇದು?”

ಸುಮ್ಮನಿದ್ದರೆ ಅನುಮಾನ ಬಂದೀತು ಎಂದು ಗುಮಾಸ್ತನೂ ದನಿ ಸೇರಿಸಿದ. “ಮುಠ್ಠಾಳ ಅಲ್ಲ ಭಾವ, ಕಟುಕ! ಮನುಷ್ಯತ್ವ ಬೇಡ್ವಾ?” ಬೈದಂತೆಲ್ಲ ಹಿತವಾಯಿತು. ಆದರೆ ಒಳಗೆಲ್ಲೋ ಚುಚ್ಚಿತು. “ಒಂದು ಮಾತು, ಭಾಷೆ ಮಾತ್ರ ಪರವಾಗಿಲ್ಲ.”

“ಭಾಷೆ ಕುಡಿಯೋಕಾಗುತ್ತಾ?” ಭಾವ ಗುಡುಗಿದ. “ನೀರೆಲ್ಲಿ?”

ಹೆಂಡತಿ ಕೊಡೆಯೊಳಗಿನಿಂದ ಗಂಡನನ್ನು ನೋಡಿದಳು. “ರೀ, ಹೋದ ವರ್ಷ ಎರಡು ತಿಂಗಳು ಊರೆಲ್ಲಾ ತಿರುಗಿದ್ರಲ್ಲ. ಇಲ್ಲಿ ಕೊಳ ಇಲ್ಲ ಅಂತ ನಿಮಗೆ ಗೊತ್ತಿರ್ಲಿಲ್ವಾ?”

“ಈ ಕಡೆ ಬರೋಷ್ಟರಲ್ಲಿ ಕತ್ತಲಾಗಿರ್ತಿತ್ತು ಕಣೇ.”

“ಆರಕ್ಕೆಲ್ಲಾ ಮನೇಲಿರ್ತಿದ್ರಿ.”

ಗುಮಾಸ್ತ ಕೆಮ್ಮಿದ. ಬಾಯಿ ಒಣಗಿದ್ದರಿಂದ ಅದೂ ಸರಿಯಾಗಿ ಬರಲಿಲ್ಲ. ಅಷ್ಟರಲ್ಲಿ ಭಾವ ಮುಂದಿನ ಸಾಲು ಓದಿದ್ದ. “‘ಬಲಕ್ಕೆ ಕಿರುಗಲ್ಲಿ. ಇಲ್ಲಿನ ಹಿರಿಯರು ಊರಿನ ಚರಿತ್ರೆಯನ್ನು ಸಂತೋಷದಿಂದ ಹೇಳುತ್ತಾರೆ.’ ಸೀದಾ ನಡೀರಿ!”

ಗಲ್ಲಿ ಒಬ್ಬ ದರ್ಜಿಯ ಮನೆಯೊಳಗೆ ಹೋಗಿ ನಿಂತಿತು. ಯಾವ ಕಾಲದಲ್ಲೋ ಅದನ್ನು ಮುಚ್ಚಿ ಮನೆ ಕಟ್ಟಿದ್ದರು. ದರ್ಜಿ ಕತ್ತರಿ ಹಿಡಿದೇ ಎದ್ದು ಬಂದ.

“ಮತ್ತೆ ಬಂದ್ರು! ನಮ್ಮಮ್ಮನ ನಿದ್ದೆ ಹಾಳು ಮಾಡ್ಬೇಡ್ರಪ್ಪ. ದಿನಾ ಯಾರೋ ಬಂದು ಚರಿತ್ರೆ ಹೇಳಿ ಅಂತ ಮುಂದೆ ಕೂತ್ರೆ ಅವಳೇನು ಹೇಳ್ತಾಳೆ? ಮೊದಲು ಗೊತ್ತಿಲ್ಲ ಅಂತಿದ್ಲು. ಈಗ ರುಚಿ ಹತ್ತಿದೆ. ನಿನ್ನೆ ಒಬ್ಬ ರಾಜನ್ನ ಇದೇ ಬಚ್ಚಲಲ್ಲಿ ಕೊಂದ್ಲು.”

ಒಳಗಿನಿಂದ ಮುದುಕಿಯ ದನಿ ಕೇಳಿತು. “ಯಾರೋ ಅದು? ಚರಿತ್ರೆಯವರಾ? ಕೂರೋಕೆ ಹೇಳು!”

ದರ್ಜಿ ಹಿಂಬಾಗಿಲಿನಿಂದ ಅವರನ್ನು ಹೊರದಬ್ಬಿದ. ಹೊಸ್ತಿಲಲ್ಲಿ ಗುಮಾಸ್ತನ ಚಪ್ಪಲಿ ಕಿತ್ತುಹೋಯಿತು. ಅಲ್ಲಿಂದ ಮುಂದೆ ಒಂದು ಕಾಲು ಬರಿಗಾಲು. ಕಾದ ಕಲ್ಲಿನ ಮೇಲೆ ಅವನು ಕುಂಟಾಟವಾಡುವ ಮಗುವಿನಂತೆ ಕುಪ್ಪಳಿಸಿದ. ‘ಹೂವಿನ ಹಾಸಿನಂಥ ದಾರಿ’ ಎಂದು ಅದನ್ನು ಬರೆದದ್ದು ತಾನೇ ಎಂಬುದು ನಂಬಲಾಗಲಿಲ್ಲ. ಯಾವನವನು, ಫ್ಯಾನಿನ ಕೆಳಗೆ ಕೂತು ಹೂವಿನ ಹಾಸು ಅಂದವನು? ಸಿಕ್ಕಿದರೆ ಇದೇ ಕಲ್ಲಿನ ಮೇಲೆ ನಿಲ್ಲಿಸಬೇಕು! ಅಂಗಾಲಿನಲ್ಲಿ ಬೊಕ್ಕೆ ಎದ್ದಾಗಲಂತೂ ಅವನ ಸಿಟ್ಟು ಭಾವನ ಸಿಟ್ಟನ್ನೂ ಮೀರಿತ್ತು.

“ಸಾಕು,” ಭಾವ ಪುಸ್ತಕ ಮಡಚಿದ. “ನಡೀರಿ ನಿಮ್ಮ ಕಚೇರಿಗೆ. ಇವನು ಯಾರು ಅಂತ ಇವತ್ತು ಗೊತ್ತಾಗ್ಲೇಬೇಕು. ಬರವಣಿಗೆಯಲ್ಲಿ ದೂರು ಕೊಡ್ತೀನಿ. ಕೆಲಸ ಕಿತ್ತುಹಾಕಿಸ್ತೀನಿ.”

ಗುಮಾಸ್ತನ ಸಿಟ್ಟು ಜರ್ರೆಂದು ಇಳಿಯಿತು. “ಇವತ್ತು ಕಚೇರಿ ಇರಲ್ಲ ಭಾವ...”

“ಇದೆ ಅಣ್ಣ,” ಎಂದಳು ಹೆಂಡತಿ. “ಇವರು ರಜಾ ಹಾಕಿ ಬಂದಿರೋದು. ಅಲ್ವೇನ್ರೀ?”

ಕಚೇರಿಯಲ್ಲಿ ಮೇಲಧಿಕಾರಿ ಮೇಜಿನ ಹಿಂದೆ ಕಣ್ಣು ಮುಚ್ಚಿ ಕೂತಿದ್ದರು. ಭಾವ ಪುಸ್ತಕವನ್ನು ಮೇಜಿನ ಮೇಲೆ ಕುಕ್ಕಿದ. “ಇದನ್ನ ಬರೆದವನನ್ನ ಕರೀರಿ! ಬರವಣಿಗೆಯಲ್ಲಿ ದೂರು ಕೊಡ್ತೀನಿ!”

ಅಧಿಕಾರಿ ಕಣ್ಣು ಬಿಟ್ಟರು. ಪುಸ್ತಕ ನೋಡಿದರು, ಕೊರಳ ಸೀಟಿ ನೋಡಿದರು. ಆಮೇಲೆ ಭಾವನ ಬೆನ್ನ ಹಿಂದೆ ಒಂಟಿಕಾಲಲ್ಲಿ ನಿಂತು ಎರಡೂ ಕೈ ಜೋಡಿಸಿದ್ದ ಗುಮಾಸ್ತನನ್ನು ನೋಡಿದರು. ಅವರಿಗೆ ಬರವಣಿಗೆಯ ದೂರೆಂದರೆ ಆಗದು, ಉತ್ತರ ಬರೆಯಬೇಕಾಗುತ್ತದೆ. ನಿಧಾನವಾಗಿ ಕನ್ನಡಕ ತೆಗೆದರು.

“ಅವರು ಈಗ ನಮ್ಮೊಂದಿಗಿಲ್ಲ.”

“ಎಲ್ಲಿ ವರ್ಗ ಆಯ್ತು?”

“ತೀರಿಕೊಂಡ್ರು. ಈ ಪುಸ್ತಕಕ್ಕೋಸ್ಕರ ಬಿಸಿಲಲ್ಲಿ ನಡೆದೂ ನಡೆದೂ... ಹನ್ನೆರಡನೆಯ ನಡಿಗೆ ಮುಗಿಸಿದ ದಿನ. ಕೈಯಲ್ಲಿ ಪೆನ್ನು ಹಾಗೇ ಇತ್ತು.”

ಗುಮಾಸ್ತ ಉಸಿರು ಬಿಟ್ಟ. ಬದುಕಿಕೊಂಡೆ ಎಂದುಕೊಂಡ.

ಭಾವನ ಕೈ ತಾನಾಗಿ ಕೆಳಗಿಳಿಯಿತು.

“ಹೆಂಡತಿ ಇದ್ರಾ ಅವರಿಗೆ?” ಎಂದು ಗುಮಾಸ್ತನ ಹೆಂಡತಿ ಕೇಳಿದಳು.

“ಇದ್ದಾರಮ್ಮ.”

“ಯಾರಾದ್ರೂ ಮನೆಗೆ ಹೋಗಿ ಹೇಳಿದ್ರಾ? ಇಲ್ಲಾ ಕಾಗದ ಕಳಿಸಿದ್ರಾ?”

ಅಧಿಕಾರಿ ಈ ಪ್ರಶ್ನೆಗೆ ಸಿದ್ಧರಾಗಿರಲಿಲ್ಲ. “ಹೋಗಿ... ಹೋಗಿ ಹೇಳಿದ್ವಿ,” ಎಂದರು. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ತನ್ನ ಗಂಡನ ತೋಳು ಹಿಡಿದುಕೊಂಡಳು.

“ಎಲ್ಲರೂ ಎದ್ದು ನಿಲ್ಲಿ,” ಎಂದ ಭಾವ. “ಎರಡು ನಿಮಿಷ ಮೌನ.” ಸ್ಟಾಪ್‌ವಾಚು ಒತ್ತಿದ. ಅಧಿಕಾರಿ ನಿಂತರು. ಟೈಪಿಸ್ಟು ನಿಂತಳು. ಜವಾನ ನಿಂತ. ಗುಮಾಸ್ತ ತನ್ನ ಆತ್ಮದ ಶಾಂತಿಗಾಗಿ ತಲೆ ತಗ್ಗಿಸಿ, ಬೊಕ್ಕೆಯ ಕಾಲನ್ನು ಎತ್ತಿಕೊಂಡು ಪೂರ್ತಿ ಎರಡು ನಿಮಿಷ ನಿಂತ. ಇಷ್ಟು ಒಳ್ಳೆಯವನಾಗಿದ್ದೆನೇ ಎನ್ನಿಸಿತು.

ಭಾವ ಪುಸ್ತಕವನ್ನು ಮೇಜಿನಿಂದ ಎರಡೂ ಕೈಯಲ್ಲಿ ಎತ್ತಿಕೊಂಡ. “ಇಡೀ ದಿನ ಆ ಮಹಾನುಭಾವರನ್ನ ಬೈದ್ವಲ್ಲ! ಪ್ರಾಣ ಕೊಟ್ಟು ಬರೆದವರು ಸುಳ್ಳು ಬರೀತಾರೇನ್ರೀ? ಮರ ಹೋಗಿರಬಹುದು, ಕೊಳ ಹೋಗಿರಬಹುದು. ಹೊತ್ತು ಹೇಗೆ ತಪ್ಪಾಗುತ್ತೆ? ಐದು ನಿಮಿಷ ಅಂದ್ರೆ ಅವರು ಐದು ನಿಮಿಷದಲ್ಲೇ ನಡೆದಿದಾರೆ. ನಾವು ಸೋಮಾರಿಗಳು.”

“ಭಾವ, ಅವರು ಸತ್ತದ್ದೇ ಅದಕ್ಕೆ...”

“ರಜೆ ಇನ್ನೂ ಹನ್ನೊಂದು ದಿನ ಇದೆ, ನಡಿಗೆ ಹನ್ನೊಂದು ಉಳಿದಿವೆ. ಒಂದೂ ಬಿಡದೆ, ಅವರು ಬರೆದ ಹೊತ್ತಿನಲ್ಲೇ ನಡೆದು ಮುಗಿಸೋಣ. ಅದೇ ನಾವು ಮಾಡೋ ಶ್ರಾದ್ಧ. ಸಾಹೇಬರೇ, ಇವರಿಗೆ ರಜಾ ಸಿಗುತ್ತಾ?”

“ಹನ್ನೊಂದೂ ದಿನ,” ಎಂದರು ಮೇಲಧಿಕಾರಿ, ಗುಮಾಸ್ತನ ಮುಖ ನೋಡದೆ. “ಸಂಬಳ ಸಮೇತ.”

ಭಾವ ಪುಟ ತಿರುವಿದ.

“ಎರಡನೆಯ ನಡಿಗೆ. ‘ಗುಡ್ಡದ ತುದಿಗೆ ಮುನ್ನೂರು ಮೆಟ್ಟಿಲು, ಎರಡೇ ನಿಮಿಷ.’” ಅವನು ಸೀಟಿಯನ್ನು ಬಾಯಿಗಿಟ್ಟುಕೊಂಡು, ಬೇಡವೆನ್ನಿಸಿ ಮತ್ತೆ ತೆಗೆದ. “ತಂಗೀ, ನಾಳೆ ನಿನ್ನ ಗಂಡ ಮುಂದಿರಲಿ. ನಾನು ಹಿಂದಿನಿಂದ ಓಡಿಸ್ತೀನಿ.”